ಅನುಸೂಯವ್ವನ ಗಂಟಿನ ರೊಟ್ಟಿ

ನಾನಾ ಪೇಠ, ಪುಣೆ
೧೨ ಜುಲೈ ೨೦೨೫

ಪ್ರಿಯ ಸಿದ್ರಾಮಪ್ಪ,

ಮೊದಲು ಬೈದುಬಿಡು, ಆಮೇಲೆ ಓದು. ಆಳಂದಿಯಿಂದ ಹೊರಟ ಪಾಲಖಿ ಪುಣೆ ದಾಟಿದ ಮರುದಿನವೇ ಬರೆಯುತ್ತೇನೆ ಎಂದವನು, ಅದು ಪಂಢರಪುರ ಮುಟ್ಟಿ ಆಷಾಢ ಏಕಾದಶಿಯೂ ಮುಗಿದ ಮೇಲೆ ಪೆನ್ನು ಹಿಡಿದಿದ್ದೇನೆ. ಅಷ್ಟು ದೂರ ಅವರ ಕಾಲು ನಡೆಯಿತು, ಇಷ್ಟು ಕಾಗದದ ಮೇಲೆ ನನ್ನ ಕೈ ನಡೆಯಲಿಲ್ಲ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನೊಂದು ಶ್ಲೇಷೆ ಹೊಡೆಯುತ್ತೇನೆ, ಇಬ್ಬರೂ ನಗುತ್ತೇವೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ನಿನ್ನ ಮನೆಯಾಕೆ ಶಿವಗಂಗವ್ವನ ಹೊಸ ಮೊಣಕಾಲು ಹೇಗಿದೆ? ಬೆಳಗಾವಿಯ ಮನೆಯ ಮೆಟ್ಟಿಲು ಹತ್ತುತ್ತಾಳೋ, ಇಲ್ಲ ಕೆಳಗಿನಿಂದಲೇ ಕೂಗಿ ನಿನ್ನನ್ನು ಇಳಿಸುತ್ತಾಳೋ?

ಈ ಸಲ ನನಗಿದ್ದದ್ದು ಒಂದೇ ದಿಗಿಲು. ಪ್ರತಿ ವರ್ಷ ನಮ್ಮಲ್ಲಿ ಉಂಡು ಪಂಢರಪುರಕ್ಕೆ ನಡೆಯುವ ಆ ಜತ್ತ ಕಡೆಯ ದಿಂಡಿಗೆ, ಆ ವಾರಕರಿಗಳ ತಂಡಕ್ಕೆ, ನನ್ನ ಇಂದೂ ತೀರಿಕೊಂಡದ್ದು ಗೊತ್ತಿರಲಿಲ್ಲ. ಹೋದ ವರ್ಷ ಅವರು ಬಂದು ಹೋದ ಮೇಲೆ, ಶ್ರಾವಣದಲ್ಲಿ ಅವಳು ಹೋದಳು. ಅವರಲ್ಲಿ ಯಾರ ಫೋನ್ ನಂಬರೂ ನನ್ನ ಬಳಿ ಇಲ್ಲ. ಇಷ್ಟು ವರ್ಷದ ನಂಟಿಗೆ ನಂಬರು ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಬಾಗಿಲಿಗೆ ಬಂದವರು ‘ಇಂದವ್ವ ಎಲ್ಲಿ?’ ಎಂದರೆ ಏನು ಹೇಳಲಿ? ಹೆಂಡತಿ ಸತ್ತ ಸುದ್ದಿಯನ್ನು ಒಮ್ಮೆ ಹೇಳುವುದು ಕಷ್ಟ. ಹತ್ತು ತಿಂಗಳ ನಂತರ, ಹಸಿದು ಬಂದವರ ಮುಂದೆ, ಹೊಸದಾಗಿ ಹೇಳುವುದು ಇನ್ನೂ ಕಷ್ಟ.

ನಾವೆಲ್ಲ ಒಟ್ಟಿಗಿದ್ದ ಹಳೆಯ ವಾಡೆಯ ಅಂಗಳವಿದ್ದಿದ್ದರೆ ಹೇಳುವ ಕೆಲಸ ಅದೇ ಮಾಡುತ್ತಿತ್ತು. ನೆನಪಿದೆಯೇ? ನಳದ ಪಕ್ಕ ಕೂತು ಶಿವಗಂಗವ್ವ ರೊಟ್ಟಿ ಬಡಿದರೆ ಆ ಸಪ್ಪಳಕ್ಕೆ ದಿಂಡಿಯ ಪಖವಾಜಿನವನು ತಾಳ ತಪ್ಪುತ್ತಿದ್ದ. ಬಾಗಿಲಲ್ಲಿ ಇಂದೂ ಬಿಸಿನೀರಿನ ಹಂಡೆ ಇಟ್ಟುಕೊಂಡು ಬಂದವರ ಕಾಲು ತೊಳೆದು ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ನನ್ನ ಕಾಲು ನೋಯುತ್ತದೆ ಎಂದರೆ ಮಾತ್ರ, “ನೀವೂ ಆಳಂದಿಯಿಂದ ನಡಕೊಂಡ ಬರ್ರಿ, ಆಮ್ಯಾಲ ತಿಕ್ಕತೀನಿ” ಅನ್ನುತ್ತಿದ್ದಳು. ಕೆಳಗಿನ ಮನೆಯ ಹಣ್ಣಿನ ವ್ಯಾಪಾರಿ ರಶೀದಭಾಯಿ ಬಾಳೆಗೊನೆಯನ್ನು ಬಾಗಿಲಿಗೆ ತೂಗುಹಾಕಿ, “ಕಿತ್ಕೊಂಡು ತಿನ್ರಿ, ಕೇಳಬ್ಯಾಡ್ರಿ” ಎನ್ನುತ್ತಿದ್ದ. ಮೊಹರಮ್ಮಿನ ಶರಬತ್ತನ್ನು ಅವನ ಮನೆಯಲ್ಲಿ ನಾವು ಮೂರು ಮೂರು ಲೋಟ ಕುಡಿದು ಬರುತ್ತಿದ್ದೆವು. ನಿನ್ನದು ದಾಸೋಹ, ನನ್ನದು ಅನ್ನದಾನ, ಅವನದು ಖೈರಾತು. ಪಾತ್ರೆ ಮಾತ್ರ ಮೂವರದೂ ಒಂದೇ ನಳದ ಕೆಳಗೆ ಬೆಳಗಬೇಕು. ನೀನೊಮ್ಮೆ, “ಮಾಸ್ತರ, ದಾನಾ ಮಾಡಾಂವ ಮ್ಯಾಲ ನಿಂತಿರ್ತಾನ, ದಾಸೋಹ ಮಾಡಾಂವ ಕೆಳಗ ಕುಂತಿರ್ತಾನ” ಎಂದು ಉಪದೇಶ ಮಾಡಿದಾಗ ಇಂದೂ, “ಹಂಗಾರ ನೀವ್ಯಾಕ ಕುರ್ಚಿ ಮ್ಯಾಲ ಕುಂತೀರಿ? ಏಳ್ರಿ, ಸೌಟ ಹಿಡೀರಿ” ಎಂದು ನಿನ್ನನ್ನು ಎಬ್ಬಿಸಿದ್ದಳಲ್ಲ.

ನಾನು ಕಾಲೇಜಿನಲ್ಲಿ ಇಡೀ ಜೀವಮಾನ ಇದನ್ನೇ ಪಾಠ ಮಾಡಿದವನು. ಅಗ್ರಹಾರ, ಛತ್ರ, ಬಸದಿ ಮುಂದಿನ ದಾನಶಾಲೆ, ಸೂಫಿಗಳ ಲಂಗರು, ಮಿಶನ್ನಿನ ಆಸ್ಪತ್ರೆ. ಯಾವ ರಾಜ ಯಾವ ಊರಿನ ತೆರಿಗೆ ಬಿಟ್ಟುಕೊಟ್ಟ ಎಂಬುದು ಕಲ್ಲಿನ ಮೇಲಿದೆ. ಬಡಿಸಿದವಳು ಯಾರು, ಅವಳು ಆ ಹೊತ್ತು ಉಂಡಳೋ ಇಲ್ಲವೋ ಎಂದು ಒಂದು ಕಲ್ಲೂ ಹೇಳುವುದಿಲ್ಲ. ಇದು ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ. ವಿದ್ಯಾರ್ಥಿಗಳು ಪಾರಾದರು.

ಇರಲಿ. ವಾಡೆ ಕೆಡವಿದ ಮೇಲೆ ಕಟ್ಟಡ ಏಳುವತನಕ ಗಣಪತಿ ಮಂಡಳದ ಶೆಡ್ಡಿನಲ್ಲಿ ಊಟ ಹಾಕಿದೆವು. ಈ ವರ್ಷ ನಮ್ಮದೇ ಹೊಸ ಬಿಲ್ಡಿಂಗಿನಲ್ಲಿ ಆಗಲಿ ಎಂದು ಸೊಸಾಯಿಟಿಯ ಸಭೆಯಲ್ಲಿ ಎದ್ದು ನಿಂತೆ. “ವಾಡೆ ಹೋಯಿತು, ವಾಡಿಕೆ ಹೋಗಬಾರದು” ಎಂದೆ. ಯಾರೂ ನಗಲಿಲ್ಲ. ಸೆಕ್ರೆಟರಿ ಸ್ವಪ್ನಿಲ್ ಎಂಬ ಹುಡುಗನ ಅಜ್ಜಿ ಹುಬ್ಬಳ್ಳಿಯವಳಂತೆ; ಆದ್ದರಿಂದ ಅಚ್ಚ ಕನ್ನಡದಲ್ಲೇ ನಿರಾಕರಿಸಿದ.

“ಕಾಕಾ, ನಿಮ್ಮ ಭಾವನಾ ಭಾಳ ಛಲೋ ಅದ. ಆದ್ರ ಟೈಲ್ಸ್ ಹೊಸಾವು.”

ಖಜಾಂಚಿ ಸ್ನೇಹಲ್ ಮರಾಠಿಯಲ್ಲಿ, “ಪ್ಯಾಕೆಟ್ ಮಾಡಿ ಗೇಟಿನ್ಯಾಗ ಕೊಟ್ರ ಆಗೂದಿಲ್ಲೇನ್ರಿ? ಅವರಿಗೂ ಟೈಮ್ ಉಳೀತದ” ಎಂದಳು.

“ತಂಗಿ, ಟೈಮ್ ಉಳಿಸೋರಿದ್ರ ಸ್ವಾರಗೇಟಿನ್ಯಾಗ ಬಸ್ ಹತ್ತತಿದ್ರು.”

ನಾನು ಮರಾಠಿಯಲ್ಲೇ ಹೊಡೆದ ಈ ಮಾತಿಗೆ ಮಾತ್ರ ಸಭೆ ನಕ್ಕಿತು. ನಗುವಿನ ಜೊತೆಗೆ ಪಾರ್ಕಿಂಗೂ ಸಿಕ್ಕಿತು. ಲಿಫ್ಟಿಗೆ ಕಾಲಿಡಬಾರದೆಂಬ ಷರತ್ತಿನ ಮೇಲೆ.

ಅಡುಗೆ ಕೇಟರಿಂಗಿನವರದು. ರೊಟ್ಟಿ ಎಲ್ಲವೂ ಒಂದೇ ಅಳತೆ, ಒಂದೇ ಗುಂಡು, ರಬ್ಬರು ಸ್ಟಾಂಪು ಒತ್ತಿದ ಹಾಗೆ. ಶಿವಗಂಗವ್ವನಿಗೆ ಇದನ್ನು ಓದಿ ಹೇಳು, ಮೊಣಕಾಲು ತಾನಾಗಿ ವಾಸಿಯಾಗುತ್ತದೆ. ದಿಂಡಿ ಬಂತು. ಬಂದವರಿಗೆ ಹಸಿವೇ ಇರಲಿಲ್ಲ! ದಾರಿಯುದ್ದಕ್ಕೂ ಮಂಡಳದವರು, ಬ್ಯಾಂಕಿನವರು, ಪಕ್ಷದವರು ಬಿಸ್ಕತ್ತು, ಬಾಳೆಹಣ್ಣು, ತಮ್ಮ ಹೆಸರು ಅಚ್ಚುಹಾಕಿದ ಟೋಪಿ ತುರುಕಿ ಕಳಿಸಿದ್ದರು. “ಊರೆಲ್ಲಾ ಸೇವಾ ಮಾಡತದ” ಎಂದೆ. ಪಖವಾಜಿನವನು ಚೀಲದಿಂದ ಖಾರದ ಸೇವಿನ ಪ್ಯಾಕೆಟ್ಟು ತೆಗೆದು, “ಸೇವಾ ಅಲ್ರೀ ಮಾಸ್ತರ, ಸೇವು” ಎಂದ. ಶ್ಲೇಷೆ ಹೊಡೆಯುವ ನನ್ನ ಹೊಟ್ಟೆಪಾಡಿನ ಮೇಲೇ ಕಲ್ಲು ಹಾಕಿದ.

ನಗು ಅಲ್ಲಿಗೇ ನಿಂತಿತು. ತಲೆಯ ಮೇಲೆ ಪುಟ್ಟ ತುಳಸಿ ವೃಂದಾವನ ಹೊತ್ತು ಮುಂದೆ ನಡೆಯುವ ಅನುಸೂಯವ್ವ, ಕಾಲಿಗೆ ನೀರು ಹಾಕಲು ನಿಂತಿದ್ದ ಕೇಟರಿಂಗಿನವನ ಮುಂದೆ ಕಾಲು ಚಾಚಲೇ ಇಲ್ಲ. ಅವನ ಬೆನ್ನ ಹಿಂದೆ ಹುಡುಕಿದಳು.

“ನಮ್ಮ ಇಂದವ್ವ ಎಲ್ಲಿ?”

ನಾನು ಒಂದು ವಾಕ್ಯ ಸಿದ್ಧ ಮಾಡಿಟ್ಟುಕೊಂಡಿದ್ದೆ, ಸಿದ್ರಾಮ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇದ್ದ ವಾಕ್ಯ. ಬಾಯಿಂದ ಬಂದದ್ದು, “ಹ್ವಾದ ಶ್ರಾವಣದಾಗ…” ಅಷ್ಟೇ.

ತಾಳ ನಿಂತಿತು. ಅವಳು ತುಳಸಿಯನ್ನು ಇಳಿಸಿದಳು. ಏನಾಗಿತ್ತು, ಯಾವ ಆಸ್ಪತ್ರೆ, ಒಂದೂ ಕೇಳಲಿಲ್ಲ. “ಅವತ್ತ ಮನಿಗೆ ರೊಟ್ಟಿ ಯಾರು ತಂದ್ರು?” ಎಂದು ಕೇಳಿದಳು.

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಅಕ್ಕಪಕ್ಕದವರು ತಂದು, ಎದುರು ಕೂತು, ಉಣಿಸಿಯೇ ಏಳಬೇಕು. ನಿನ್ನ ತಾಯಿ ಹೋದಾಗ ಇಂದೂ ಅನ್ನ ಸಾರು ಹೊತ್ತು ನಿಮ್ಮ ಮನೆಗೆ ಬಂದಳು. ರಶೀದಭಾಯಿಯ ತಂದೆ ಹೋದಾಗ ಶಿವಗಂಗವ್ವ ರೊಟ್ಟಿ ಬುಟ್ಟಿ ಹಿಡಿದು ಇಳಿದಳು, ಅವರಲ್ಲೂ ಅದೇ ಪದ್ಧತಿ ಎಂದು ನಮಗೆ ತಿಳಿದದ್ದು ಆವತ್ತು. ಯಾವ ದೇವರ ಮನೆಯವರಾದರೂ ಆ ದಿನ ಹೊಟ್ಟೆ ಒಂದೇ.

“ಎಲ್ಲಾರೂ ತಂದಿದ್ರು” ಎಂದೆ.

ಅವಳು ನನ್ನನ್ನು ನೋಡಿದಳು. ಮುಚ್ಚಿದ ಕಿಟಕಿಗಳ ಸಾಲನ್ನು ಮೇಲಿನತನಕ ನೋಡಿದಳು. ಆಮೇಲೆ ಸೊಂಟದ ಗಂಟು ಬಿಚ್ಚಿದಳು. “ಎಲ್ಲಾರೂ ತಂದ್ರೂ ನಾ ತಂದಿದ್ದಿಲ್ಲಲ್ಲ. ಕುಂದರ್ರಿ.”

ಹೊಸ ಟೈಲ್ಸಿನ ಮೇಲೆ ಕೂತೆ. ಊರಿಂದ ಕಟ್ಟಿಕೊಂಡು ಬಂದ ಕಟಕರೊಟ್ಟಿ, ಶೇಂಗಾ ಹಿಂಡಿ. ಅವಳು ಎದುರು ಕೂತಳು, ದಿಂಡಿ ಸುತ್ತ ಕೂತಿತು. ಇಷ್ಟು ವರ್ಷ ಅವರು ಉಣ್ಣುವುದನ್ನು ನಾವು ನಿಂತು ನೋಡಿದೆವು. ನೋಡಿಸಿಕೊಂಡು ಉಣ್ಣುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ನಾನು ಅರ್ಧ ರೊಟ್ಟಿ ಕೆಳಗಿಟ್ಟಾಗ “ಅಳೂದಿದ್ರ ಅಳ್ರಿ, ಬಿಡೂದು ಮಾತ್ರ ಬ್ಯಾಡ” ಎಂದಳು. ಟೈಲ್ಸ್ ನೋಡಲು ಇಳಿದು ಬಂದ ಸ್ವಪ್ನಿಲ್ ಏನು ಮಾಡಬೇಕೆಂದು ತಿಳಿಯದೆ ಒಂದು ತಂಬಿಗೆ ನೀರು ತಂದಿಟ್ಟ. ಹುಡುಗ ಕೆಟ್ಟವನಲ್ಲ. ಯಾರೂ ಕಲಿಸಿಲ್ಲ.

ಆಮೇಲೆ ಅವರೂ ಇಂದವ್ವನ ಹೆಸರಿನಲ್ಲಿ ಒಂದೊಂದು ತುತ್ತು ಉಂಡರು. ಮಿಕ್ಕ ಅಡುಗೆಯನ್ನು, ವಾಡೆ ಹೋದ ಮೇಲೆ ಕೊಂಢವಾದಲ್ಲಿರುವ ರಶೀದಭಾಯಿ ಬಂದು ಟೆಂಪೋದಲ್ಲಿ ಒಯ್ದು ಆಸ್ಪತ್ರೆಯ ಗೇಟಿನ ಹೊರಗೆ ಕಾಯುವ ಜನಕ್ಕೆ ಹಂಚಿದ. ಹೊರಡುವಾಗ ಅನುಸೂಯವ್ವ ತುಳಸಿ ಹೊತ್ತು ನೇರ ನಡೆದುಬಿಟ್ಟಳು. “ಹೋಗಿ ಬರತೀನಿ” ಅನ್ನಲಿಲ್ಲ. ಮರಣದ ಮನೆಯಿಂದ ಹೊರಡುವವರು ಹಾಗೆ ಅನ್ನಬಾರದಲ್ಲ; ತಡವಾಗಿಯಾದರೂ ಶಾಸ್ತ್ರ ಬಿಡಲಿಲ್ಲ. ಮುಂದಿನ ವರ್ಷ ಬರುತ್ತಾಳೆ ಎಂದೇ ನಾನು ತಿಳಿದಿದ್ದೇನೆ.

ಶ್ರಾವಣದಲ್ಲಿ ಇಂದೂನ ವರ್ಷಾಬ್ದಿಕ. ಮೊಣಕಾಲು ಒಪ್ಪಿದರೆ ಇಬ್ಬರೂ ಬನ್ನಿ. ನಿಮ್ಮ ಮೊಮ್ಮಗು, ಸಂಜುವಿನ ಕೂಸಿಗೆ ನನ್ನ ಆಶೀರ್ವಾದ. ಹಲ್ಲು ಬಂದಮೇಲೆ ಶಿವಗಂಗವ್ವನ ರೊಟ್ಟಿ ತಿನ್ನುವ ಭಾಗ್ಯ ಅದಕ್ಕಿರಲಿ. ನಿಮ್ಮ ಮನೆಯ ಒಲೆ ಸದಾ ಬೆಚ್ಚಗಿರಲಿ.

ನಿನ್ನ
ಪ್ರಲ್ಹಾದ

ತಾ.ಕ.: ಆವತ್ತು ರೊಟ್ಟಿ ಯಾರೂ ತಂದಿರಲಿಲ್ಲ. ನಾವು ಈ ಬಿಲ್ಡಿಂಗಿಗೆ ಬಂದು ಆಗಿನ್ನೂ ತಿಂಗಳಾಗಿತ್ತು; ಸೊಸಾಯಿಟಿಯ ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು ಬಂದವು, ಅಷ್ಟೇ. ನೀನು ಶಿವಗಂಗವ್ವನ ಆಪರೇಶನ್ನಿನಲ್ಲಿದ್ದೆ, ರಶೀದಭಾಯಿಗೆ ಸುದ್ದಿ ಮುಟ್ಟಿರಲಿಲ್ಲ. ಸ್ಮಶಾನದಿಂದ ಬಂದು ಸ್ನಾನ ಮಾಡಿ ನಾನೂ ಮಗ ಕೇದಾರನೂ ಬಾಗಿಲು ತೆರೆದಿಟ್ಟುಕೊಂಡು ಕೂತೆವು. ಸಂಜೆಯಾಯಿತು. ಅವನು ಮೊಬೈಲ್ ತೆಗೆದು, “ಅಪ್ಪಾ, ಖಿಚಡಿ ತರಿಸ್ಲೇನು?” ಎಂದ. ಡಬ್ಬಿಯ ಜೊತೆ ಎರಡು ಗುಲಾಬ್ ಜಾಮೂನು ಬಂದಿದ್ದವು, ಮೊದಲ ಆರ್ಡರಿಗೆ ಉಚಿತ. ಆವತ್ತು ನಮ್ಮ ಮನೆಗೆ ಯಾರಾದರೂ ಪುಕ್ಕಟೆ ಕೊಟ್ಟದ್ದೆಂದರೆ ಅದೊಂದೇ.