ಅವನ ಕರಡಿಗೆ ನನ್ನ ಕೊರಳಲ್ಲಿದೆ

ಅತ್ತೆ,

ಉಪ್ಸಾರು ಒಲೆ ಮೇಲಿದೆ, ಮುದ್ದೆ ಹಾಟ್‌ಬಾಕ್ಸಲ್ಲಿದೆ. ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದ್ದೀನಿ, ತೆಗೆದರೆ ಮತ್ತೆ ಮುಚ್ಚಿ, ಬೆಕ್ಕು ಇಲ್ಲೇ ಸುತ್ತುತಾ ಇದೆ.

ಶರತ್‌ನ ಇವತ್ತು ಚರ್ಚಿನ ಬೇಬಿ ಸಿಟ್ಟಿಂಗ್‌ಗೆ ಬಿಟ್ಟು ಬಂದೆ. ‘ಮನೇಲೇ ಇರೋಳ್ಗೆ ಅದೆಲ್ಲ ಯಾಕವ್ವಾ’ ಅಂತ ನೀವು ಅಂದಿದ್ದು ಮರೆತಿಲ್ಲ. ವಾರಕ್ಕೆ ಎರಡು ಬೆಳಿಗ್ಗೆಯಾದರೂ ನಾನು ನಿದ್ದೆ ಮಾಡಬೇಕು ಅತ್ತೆ. ರಾತ್ರಿಯೆಲ್ಲ ಅವನು ಎದ್ದಿರೋದು ನಿಮಗೂ ಗೊತ್ತು.

ಇನ್ನೊಂದು ಮಾತು, ಬೇರೆಯವರು ಹೇಳೋಕೆ ಮುಂಚೆ ನಾನೇ ಹೇಳಿಬಿಡ್ತೀನಿ. ಮಲಗೋ ಮಕ್ಕಳ ಕೊರಳಲ್ಲಿ ದಾರ ಇದ್ದರೆ ಉಸಿರು ಕಟ್ಟೀತು ಅಂತ ಅಲ್ಲಿಯ ಸಿಸ್ಟರ್ ಎಲ್ಲ ತಾಯಂದಿರಿಗೂ ಹೇಳ್ತಾರೆ. ಅವನ ಲಿಂಗದ ಕರಡಿಗೆ ನಾನೇ ಬಿಚ್ಚಿದೆ. ದೇವರ ಮನೇಲಿ ಇಡೋಣ ಅಂತ ತಂದೆ, ಕೆಳಗಿಡೋಕೆ ಮನಸ್ಸು ಬರಲಿಲ್ಲ. ನನ್ನದರ ಜೊತೆಗೇ ಕೊರಳಿಗೆ ಹಾಕ್ಕೊಂಡಿದ್ದೀನಿ.

ಚಾಪೆ ಹಾಸಿ ಮಲಗಿದೆ, ಕಣ್ಣು ಮುಚ್ಚಲಿಲ್ಲ. ಲಿಂಗ ಕಟ್ಟಿದ ಮೇಲೆ ಅವನ ಕೊರಳು ಬರಿದಾಗಿದ್ದು ಇವತ್ತೇ ಮೊದಲು. ಏನಾದರೂ ಆದರೆ ಅಂತ ಭಯ. ಅದಕ್ಕೇ ವಾಪಸ್ ಹೋಗ್ತಿದ್ದೀನಿ, ಚರ್ಚಿನ ಗೇಟಿನ ಎದುರು ಹೊಂಗೆಮರದ ಕೆಳಗೆ ಕೂತಿರ್ತೀನಿ.

ಹೊಲದಿಂದ ಬಂದ ತಕ್ಷಣ ಉಂಡು ಅಲ್ಲಿಗೇ ಬನ್ನಿ. ಅವನನ್ನ ಹೊರಗೆ ಕರ್ಕೊಂಡು ಬಂದ ಮೇಲೆ ಕರಡಿಗೆ ನೀವೇ ಕೈಯಾರೆ ಕಟ್ಟಿ. ಬಯ್ಯೋದಿದ್ದರೆ ಆಮೇಲೆ ಬಯ್ಯಿರಿ. ಅದಕ್ಕೂ ಮುಂಚೆ ಅಲ್ಲಿಯ ಕಿಟಕಿಯಿಂದ ಒಂದ್ಸಲ ಒಳಗೆ ಇಣುಕಿ, ಅಳ್ತಿದ್ದಾನಾ, ಆಡ್ತಿದ್ದಾನಾ ನೋಡಿ ಹೇಳಿ. ನನಗೆ ನೋಡೋ ಧೈರ್ಯ ಇಲ್ಲ.

ಉಷಾ