ನನ್ನ ಹೆಂಡತಿಯ ಹಿಮ್ಮಡಿ, ನಿಮ್ಮ ಬೀಗಮುದ್ರೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಡಾಕ್ಟರು ರೋಗಿಗಳನ್ನು ನೋಡುತ್ತಿದ್ದ ಕೋಣೆಯ ಬಾಗಿಲಿಗೆ ಬೀಗಮುದ್ರೆ ಹಾಕಿಸಿ ನೀವು ಹೆಂಗಸರ ಮಾನ ಕಾಪಾಡಿದ್ದೀರಂತೆ. ಆ ಹೆಂಗಸರಲ್ಲಿ ಒಬ್ಬಳು ನನ್ನ ಹೆಂಡತಿ ಆಯಿಶಮ್ಮ. ಅವಳ ಹಿಮ್ಮಡಿಯಿಂದ ಪರೀಕ್ಷೆಗೆಂದು ತೆಗೆದ ಮಾಂಸದ ಚೂರು ನೀವು ಮುಚ್ಚಿಸಿದ ಕೋಣೆಯ ಒಳಗಿದೆ. ಅದನ್ನು ನೋಡಬೇಕಾದ ಡಾಕ್ಟರು ಹೊರಗಿದ್ದಾರೆ. ಅವಳ ಜೀವ ನಡುವೆ ಸಿಕ್ಕಿಕೊಂಡಿದೆ.

ಡಾಕ್ಟರ್ ಅಲೆಕ್ಸಾಂಡರ್ ಮಣಿಪಾಲದಿಂದ ವಾರಕ್ಕೊಮ್ಮೆ ಕಾಪುವಿನ ಆ ಬಾಡಿಗೆ ಕೋಣೆಗೆ ಯಾಕೆ ಬರುತ್ತಿದ್ದರೆಂದು ನಿಮಗೆ ಗೊತ್ತೇ? ಚರ್ಮದ ಕ್ಯಾನ್ಸರುಗಳಲ್ಲಿ ಅಪರೂಪದ, ಸರಸರನೆ ಹಬ್ಬುವ ಒಂದು ಬಗೆ ಇದೆಯಂತೆ. ನಮ್ಮಂಥ ಕಪ್ಪು ಮೈಯವರಲ್ಲಿ ಅದು ಅಂಗಾಲಿನಲ್ಲಿ, ಉಗುರಿನ ಅಡಿಯಲ್ಲಿ ಅಡಗಿ ಕೂರುತ್ತದಂತೆ. ಅದರ ಬೆನ್ನು ಹತ್ತಿ ಅವರು ಕಾರ್ಕಳದಿಂದ ಕಾಪುವಿನ ಕಡಲ ಬದಿಯವರೆಗೆ ಬಡವರ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಭೂತಗನ್ನಡಿ ಹಿಡಿದು ನೋಡಿದರು. ಮೀನು ಮಾರುವ ಅಕ್ಕುವಿನ ಕಾಲಿನ ಹೆಬ್ಬೆರಳು ತೆಗೆಸಿ ಅವಳನ್ನು ಉಳಿಸಿದವರು ಅವರೇ. "ಬೆರಳು ಹೋದರೆ ಹೋಗಲಿ ಮಾರಾಯ್ರೇ, ಬುಟ್ಟಿ ಇರುವುದು ತಲೆ ಮೇಲೆ ಅಲ್ವಾ?" ಎಂದು ಅವಳೀಗ ನಗುತ್ತಾಳೆ.

ಆಯಿಶಮ್ಮನ ಹಿಮ್ಮಡಿಯ ಕಪ್ಪು ಮಚ್ಚೆ ನೋಡಿ ನೆರೆಯವರು, "ಪಾದದಲ್ಲಿ ಮಚ್ಚೆ ಉಂಟಲ್ಲ, ನಿನಗೆ ದುಬಾಯಿ ಯೋಗ" ಎಂದು ತಮಾಷೆ ಮಾಡಿದ್ದರು. ಮಚ್ಚೆ ಹರಡಿತು, ಒಡೆಯಿತು. ಒಬ್ಬ ವೈದ್ಯರು ಆಣಿ ಎಂದು ಮುಲಾಮು ಕೊಟ್ಟರು. ಅಲೆಕ್ಸಾಂಡರ್ ಡಾಕ್ಟರು ನೋಡಿದವರೇ ಪರೀಕ್ಷೆಗೆಂದು ಚೂರು ತೆಗೆದರು. ನಾನು ಪಕ್ಕದಲ್ಲೇ ಇದ್ದೆ. ನರ್ಸ್ ಬರ್ತಾಬಾಯಿ ಅವಳ ಕೈ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ನಿಮಗೆ ಅರ್ಜಿ ಬರೆದ: ಡಾಕ್ಟರು ಹೆಂಗಸರ ಕಾಲು ಹಿಡಿಯುತ್ತಾರೆ! ಹೌದು ಸ್ವಾಮೀ, ಹಿಡಿಯುತ್ತಾರೆ. ಕಾಲಿನ ರೋಗಕ್ಕೆ ಜುಟ್ಟು ಹಿಡಿಯಬೇಕಿತ್ತೇ? ಅರ್ಜಿಗೆ ಸಹಿಯಿಲ್ಲ. ನಮ್ಮನ್ನು ಒಂದು ಮಾತು ಕೇಳಿದವರಿಲ್ಲ. ಪಕ್ಕದಲ್ಲಿದ್ದ ಗಂಡನಿಗೆ ಕಾಣದ ಅವಮಾನ ಕುರ್ಚಿಯಲ್ಲಿದ್ದ ನಿಮಗೆ ಹೇಗೆ ಕಂಡಿತು?

ನಿಮ್ಮ ಕಚೇರಿಗೂ ಬಂದೆ. "ವಿಚಾರಣೆ ಮುಗಿಯಲಿ ಸಾಹೇಬರೇ, ಮರ್ಯಾದೆಯ ಪ್ರಶ್ನೆ ಉಂಟು" ಎಂದು ಚಹಾ ತರಿಸಿದಿರಿ. ಚಹಾ ಚೆನ್ನಾಗಿತ್ತು. ಬೇರೆ ಡಾಕ್ಟರುಗಳ ಬಳಿ ಹೋದರೆ ಈ ರೋಗ ಬಲ್ಲವರು ಅಲೆಕ್ಸಾಂಡರರೊಬ್ಬರೇ ಎಂದು ಹೇಳಿ ಅವರು ಕೈಚೆಲ್ಲಿದರು. ಕೊನೆಗೆ ಮಣಿಪಾಲದಲ್ಲಿ ಅವರ ಮನೆಯ ಬಾಗಿಲನ್ನೇ ತಟ್ಟಿದೆ. "ರೋಗಿಗಳನ್ನು ಮುಟ್ಟಬಾರದೆಂದು ಆದೇಶ ಉಂಟು ಹಾಜಬ್ಬರೇ. ಚೂರು ನೋಡದೆ ಕಾಲು ಕತ್ತರಿಸಿ ಎಂದು ನಾನು ಯಾರಿಗೆ ಹೇಳಲಿ? ತೊಡೆಸಂದಿಯಲ್ಲಿ ಗಂಟು ಕಾಣಿಸಿಕೊಂಡರೆ ಮತ್ತೆ ಅವಳನ್ನು ಉಳಿಸುವುದು ನನ್ನ ಕೈಯಲ್ಲೂ ಇರಲಿಕ್ಕಿಲ್ಲ" ಎಂದರು.

ನಿನ್ನೆ ಅಡುಗೆಮನೆಯಲ್ಲಿ ಆಯಿಶಮ್ಮ ನನ್ನ ಕೈಯನ್ನು ತೊಡೆಸಂದಿಯ ಮೇಲೆ ಇಟ್ಟುಕೊಂಡಳು. "ಇಲ್ಲಿ ಎಂತದೋ ಗಟ್ಟಿ ಉಂಟು. ಅಲ್ಲ, ನನಗೆ ಸುಮ್ಮನೆ ಹಾಗೆ ತೋರುವುದಾ?" ಎಂದು ಕೇಳಿದಳು. ಏನೂ ಇಲ್ಲ ಎಂದೆ. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಲು ನನಗೀಗ ನಾಚಿಕೆಯಿಲ್ಲ, ಭಯ ಮಾತ್ರ ಇದೆ.

ಇಂದೇ ಬೀಗ ತೆಗೆಸಿ. ವಿಚಾರಣೆ ನಡೆಸಲೇಬೇಕಾದರೆ ನನ್ನ ಮೇಲೆ ನಡೆಸಿ, ವರ್ಷಗಟ್ಟಲೆ ನಡೆಸಿ. ಡಾಕ್ಟರಿಗೆ ಅವರ ಕೆಲಸ ಮಾಡಲು ಬಿಡಿ. ಅದೂ ಆಗದಿದ್ದರೆ ಒಮ್ಮೆ ಕಾಪುವಿಗೆ ಬನ್ನಿ. ಆ ಗಂಟು ಏನೆಂದು ಅವಳಿಗೆ ನೀವೇ ಹೇಳಿ. ನನ್ನಿಂದ ಆಗುವುದಿಲ್ಲ.

ಇಂತಿ,
ನೀವು ಮಾನ ಕಾಪಾಡಿಕೊಟ್ಟ ಹೆಂಗಸಿನ ಗಂಡ,
ಹಾಜಬ್ಬ
ಕಾಪು, ೧೯೮೩