ಲ್ಯಾವೆಂಡರ್ ಮತ್ತು ನನ್ನ ಕೈಗುಣ

ಕೋಣನಕುಂಟೆ
22-11-2024, ಶುಕ್ರವಾರ

ನನ್ನ ಮುದ್ದು ಸೊಸೆ ಹೇಮಾ,

ನಿನ್ನ ಸೊಂಟನೋವು ಹೇಗಿದೆ? ಕಿವಿಗೆ ಹತ್ತಿ ಇಟ್ಟುಕೊಂಡೇ ಓಡಾಡು. ಕೂಸು ನಿದ್ದೆಯನ್ನೇ ಮಾಡುವುದಿಲ್ಲವಂತೆ. ಅದರ ಅಪ್ಪ ಮೋಹಿತನೂ ಹಾಗೇ ಇದ್ದ, ಹೊಸದೇನಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ಮೋಹಿತ್ ಸ್ಪೀಕರ್ ಹಾಕಿ ಮನೆಗೆಲ್ಲ ಕೇಳಿಸುತ್ತಾನೆ. ಅದಕ್ಕೇ ಈ ಕಾಗದವನ್ನು ಅಂಟಿನುಂಡೆ ಡಬ್ಬದ ತಳದಲ್ಲಿಟ್ಟು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ವಿಷಯ ನಿನ್ನ ಲ್ಯಾವೆಂಡರಿನದು. ಮೊಣಕಾಲೆತ್ತರಕ್ಕೂ ಬಾರದ ಆ ಗಿಡ್ಡ ಜಾತಿಯ ಗಿಡವನ್ನು ನರ್ಸರಿಯಿಂದ ತಂದು ಟೆರೇಸಿನಲ್ಲಿ ನನ್ನ ಮಲ್ಲಿಗೆ ಪಕ್ಕ ನೀನು ಇಟ್ಟೆಯಲ್ಲ, ಅವತ್ತೇ ನನಗೆ ಹೊಟ್ಟೆಕಿಚ್ಚು ಶುರುವಾಯಿತು. ಮುಚ್ಚಿಡುವುದೇನು? ಮೂವತ್ತನಾಲ್ಕು ವರ್ಷ ಮಲ್ಲಿಗೆ ಮುಡಿದು ಎದುರಿಗೇ ಓಡಾಡಿದರೂ ತನಗೊಂದು ಮೂಗಿದೆಯೆಂದು ತೋರಿಸಿಕೊಳ್ಳದ ನಿನ್ನ ಮಾವ, ಈಗ ಬೆಳಗಿನ ಕಾಫಿ ಕುಡಿಯುವುದು ನಿನ್ನ ಕುಂಡದ ಪಕ್ಕ ಕುರ್ಚಿ ಹಾಕಿಕೊಂಡು. ನೀನು ಹೂವು ಒಣಗಿಸಿ, ಚಿಕ್ಕ ಚೀಲ ಹೊಲಿದು, ದಿಂಬಿನಡಿ ಇಟ್ಟು ಹೋದೆ. ಅದಿಲ್ಲದೆ ಅವರಿಗೆ ನಿದ್ದೆ ಹತ್ತುವುದಿಲ್ಲವಂತೆ. "ನಮ್ ಹೇಮನ ಕೈಗುಣ ನೋಡೇ, ಗೌರಿ" ಅಂತ ದಿನಕ್ಕೊಂದು ಸಲ. ನನ್ನ ಕೈಗುಣ ಉಪ್ಪಿನಕಾಯಿಗೆ ಮಾತ್ರ ಅಂತ ಕಾಣುತ್ತದೆ.

ತವರಿಗೆ ಹೊರಟು ಕಾರು ಹತ್ತುವಾಗ ಅದಕ್ಕೆ ನೀರು ಹಾಕುವ ವಿಷಯ ನೀನು ಏನೋ ಹೇಳಿದೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಣಗಿ ಹಾಳಾಗಿ ಹೋಗಲಿ ಎಂದು ಒಂದು ಚೊಂಬು ನೀರೂ ತೋರಿಸಲಿಲ್ಲ. ಮಲ್ಲಿಗೆಗೆ ಮಾತ್ರ ಎರಡು ಹೊತ್ತೂ ನೀರು, ಮೇಲೆ ಅಕ್ಕಿ ತೊಳೆದ ನೀರು. ಏನಾಯಿತು ಗೊತ್ತೇ? ಮಲ್ಲಿಗೆಯ ಬೇರು ಕೊಳೆತು ಎಲೆಯೆಲ್ಲ ಹಳದಿಯಾಯಿತು. ನಿನ್ನದು ಆಗೀಗ ಬಿದ್ದ ಮಳೆಹನಿಯಲ್ಲೇ ಕುಂಡದ ತುಂಬ ನೇರಳೆ ತೆನೆ ಬಿಟ್ಟಿತು! ಕೆಳಮನೆಗೆ ಬಾಡಿಗೆಗೆ ಬಂದಿರುವ ಪ್ರಿಯಾಂಕಾ ಬಟ್ಟೆ ಒಣಹಾಕಲು ಬಂದವಳು ನೋಡಿ, "ಆಂಟಿ, ಸಖತ್ತಾಗ್ ಬೆಳ್ಸಿದೀರ! ಜಾಸ್ತಿ ನೀರ್ ಹಾಕಿದ್ರೆ ಇದು ಸತ್ತೋಗತ್ತೆ ಅಂತ ನಿಮ್ಗೆ ಹೆಂಗ್ ಗೊತ್ತಾಯ್ತು?" ಅಂದಳು. ಪಕ್ಕದಲ್ಲಿದ್ದ ನಿನ್ನ ಮಾವ, "ನಮ್ ಗೌರಿ ಕೈಗುಣ ಕಣಮ್ಮ ಅದು" ಅಂದುಬಿಟ್ಟರು. ಮೂವತ್ತನಾಲ್ಕು ವರ್ಷಕ್ಕೆ ಸಿಕ್ಕಿದ ಒಂದು ಮಾತು, ಅದೂ ಕದ್ದ ಮಾಲು. ನಾಚಿಕೆಯಾಯಿತು, ಆದರೂ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ತಣ್ಣೀರು ಮುಟ್ಟಬೇಡ. ಕೂಸಿಗೆ ಸಂಜೆ ದೃಷ್ಟಿ ತೆಗೆಸು. ನಿಮ್ಮಮ್ಮನಿಗೆ ನನ್ನ ನಮಸ್ಕಾರ. ತಾಯಿ ಮಗು ಇಬ್ಬರೂ ನೂರು ವರ್ಷ ತಣ್ಣಗಿರಿ.

ನಿನ್ನ ಅತ್ತೆ,
ಗೌರಮ್ಮ

ಮರೆತಿದ್ದೆ: ಈಗ ಆ ಕುಂಡದ ಪಕ್ಕ ನನ್ನ ಕುರ್ಚಿಯೂ ಬಿದ್ದಿದೆ. ಗಿಡದ ಮೇಲೆ ಮಮತೆ ಹುಟ್ಟುತ್ತಿದೆ, ಹೇಮಾ. ಇವತ್ತು ಚೊಂಬಿನ ತುಂಬ ನೀರು ಹಿಡಿದು ಅರ್ಧ ಮೆಟ್ಟಿಲು ಹತ್ತಿ ವಾಪಸು ಬಂದೆ. ಬಾಣಂತನದ ಐದು ತಿಂಗಳು ತುಂಬಲಿ ಅಂತ ಕಾಯಬೇಡ, ಬೇಗ ಬಾ. ಹೊಟ್ಟೆಕಿಚ್ಚಿನಲ್ಲಿ ಬದುಕಿಸಿದ್ದನ್ನು ಪ್ರೀತಿಯಲ್ಲಿ ಸಾಯಿಸಿಬಿಟ್ಟೇನು.